ಹೆಸರು ಹಿಡಿದು ಕರೆದದ್ದು

"ಸತ್ತವಳನ್ನ ಹೆಸರು ಹಿಡಿದು ಕರೀಬೇಡಪ್ಪ," ಎಂದಳು ಅಜ್ಜಿ. "ಕರೆದ್ರೆ ಬಂದ್ಬಿಡ್ತಾಳೆ."

ಫೋಟೋ ತೆಗೆಯುವ ಪ್ರೂಯಿಟ್ ನಕ್ಕ. "ಬರ್ಲಿ ಬಿಡಜ್ಜಿ. ಅವತ್ತು ನಿಂತಲ್ಲಿ ನಿಲ್ಲದೆ ಕುಣಿದಿದ್ಳು. ಈ ಸಲ ನೆಟ್ಟಗೆ ನಿಲ್ಲಿಸ್ತೀನಿ."

ಯುದ್ಧದಲ್ಲಿ ಸೆರೆಸಿಕ್ಕ ಅಪಾಚೆ ಬುಡಕಟ್ಟಿನವರನ್ನು ಬಿಳಿಯರ ಸೈನ್ಯ ಹೀಲಾ ನದಿಯ ಬಯಲಿನಲ್ಲಿ ಕೂಡಿಹಾಕಿತ್ತು. ಅವರ ಮುಖಗಳನ್ನು ಪೂರ್ವದ ಪಟ್ಟಣಗಳಿಗೆ ಮಾರಲು ಪ್ರೂಯಿಟ್ ಬಂದಿದ್ದ. ಅಜ್ಜಿಯ ಮೊಮ್ಮಗಳು ಅವನ ಕ್ಯಾಮೆರಾದ ಮುಂದೆ ನಿಂತವಳು ಆಮೇಲೆ ಜ್ವರದಲ್ಲಿ ತೀರಿಕೊಂಡಳು. ಅಜ್ಜಿ ಕೂದಲು ಕತ್ತರಿಸಿಕೊಂಡು ಮಗುವಿನ ಕಂಬಳಿ, ತೊಗಲಿನ ಗೊಂಬೆ, ಮಲಗುತ್ತಿದ್ದ ಹುಲ್ಲಿನ ಗುಡಿಸಲು ಎಲ್ಲವನ್ನೂ ಸುಟ್ಟಳು. ಇಲ್ಲಿ ತನ್ನದೆಂಬುದು ಏನೂ ಉಳಿಯದಿದ್ದರೆ ಮಗು ತಿರುಗಿ ನೋಡದೆ, ಯುದ್ಧದಲ್ಲಿ ಸತ್ತ ತಾಯಿಯ ಬಳಿಗೆ ಹೋಗುತ್ತದೆ. ಉಳಿದದ್ದು ಪ್ರೂಯಿಟ್ ಬಳಿಯಿದ್ದ, ಅವಳ ಮುಖ ಮೂಡಿದ ಫೋಟೋದ ಗಾಜು ಒಂದೇ.

"ಅದನ್ನ ಒಡೆದುಬಿಡು ಮಗಾ. ಅವಳು ಹೋಗ್ಬೇಕು."

"ಇದು ನನ್ನ ಹೊಟ್ಟೆಪಾಡಜ್ಜಿ," ಎಂದು ಪ್ರೂಯಿಟ್ ಗಾಜು ತೊಳೆಯುವ ಕತ್ತಲೆ ಡೇರೆಯೊಳಗೆ ಹೋದ. ಗಾಜಿನ ಅಂಚಿನಲ್ಲಿ ಹುಡುಗಿಯ ಹೆಸರು ಗೀರುತ್ತ, ಹೊರಗೆ ಕೂತವಳಿಗೆ ಕೇಳಲೆಂದೇ ಅದನ್ನು ಗಟ್ಟಿಯಾಗಿ ಕೂಗಿದ. ಆ ಹೆಸರನ್ನು ಇಲ್ಲಿ ಹೇಳುವುದು ಬೇಡ.

ಹೊರಗೆ ನಡುಹಗಲು. ಒಳಗೆ ಕಗ್ಗತ್ತಲೆ, ಔಷಧಿಗಳ ಘಾಟು. ಆ ಘಾಟನ್ನು ಸೀಳಿಕೊಂಡು ಸುಟ್ಟ ಕಂಬಳಿಯ ವಾಸನೆ ಬಂತು. ಬೆನ್ನ ಹಿಂದೆ ಯಾರೋ ಉಸಿರಾಡಿದರು. ಬಿಸಿ ಉಸಿರು. ಜ್ವರದ್ದು. ಪುಟ್ಟ ಕೈಯೊಂದು ಅವನ ಅಂಗಿ ಹಿಡಿಯಿತು.

"ನೀರು."

ಪ್ರೂಯಿಟ್ ಗಾಜನ್ನು ನೆಲಕ್ಕೆ ಅಪ್ಪಳಿಸಿದ. ಚೂರಾಯಿತು. ಕೈ ಬಿಡಲಿಲ್ಲ. ಬಾಗಿಲಿನ ಬಟ್ಟೆಗಾಗಿ ತಡಕಿದ. ಸಿಗಲಿಲ್ಲ. ಕೈ ಎದೆಗೆ ಬಂತು. ಕೊರಳಿಗೆ ಬಂತು. ಸುಡುತ್ತಿತ್ತು.

"ಅಜ್ಜಿ, ಒಡೆದೆ... ಹೋಗ್ತಿಲ್ಲ..."

"ಕರೆಸಿಕೊಂಡು ಬಂದವಳು, ಒಬ್ಬಳೇ ಹೆಂಗೆ ಹೋಗ್ತಾಳೆ? ಇನ್ನೂ ಚಿಕ್ಕೋಳು. ದಾರಿ ತಿಳಿಯಲ್ಲ."

ಅಜ್ಜಿ, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ, ತಾನೇ ಆ ಹೆಸರು ಹಿಡಿದು ಕರೆದಳು.

ಕೊರಳ ಮೇಲಿನ ಕೈ ಸಡಿಲವಾಯಿತು. ಪುಟ್ಟ ಪಾದಗಳು ಹೊರಗೋಡಿದ ಸದ್ದು.

ಪ್ರೂಯಿಟ್ ತೆವಳಿಕೊಂಡು ಬೆಳಕಿಗೆ ಬಂದ. ಅಜ್ಜಿ ಮುಳ್ಳುಮರದ ನೆರಳಲ್ಲಿ ಕೂತಂತೆಯೇ ಇದ್ದಳು. ಒಂದು ಕೈ ಪಕ್ಕಕ್ಕೆ ಚಾಚಿತ್ತು, ಏನನ್ನೋ ಹಿಡಿದಂತೆ ಬೆರಳುಗಳು ಮಡಚಿದ್ದವು. ಉಸಿರಿರಲಿಲ್ಲ.

ಸಂಜೆಗೆ ಅವಳ ಗುಡಿಸಲೂ ಉರಿಯಿತು. ಕಾವಲಿನ ಸೈನಿಕ ಬಂದು, "ಸತ್ತ ಮುದುಕಿ ಹೆಸರೇನ್ರೋ?" ಎಂದ. ಅಪಾಚೆಗಳು ನೆಲ ನೋಡುತ್ತ ನಿಂತರು. ಸೈನಿಕ ಪ್ರೂಯಿಟ್‌ನತ್ತ ತಿರುಗಿದ. "ನಿಂಗೆ ಗೊತ್ತಲ್ವಯ್ಯಾ? ದಿನಾ ಮಾತಾಡ್ತಿದ್ದೆ."

ಪ್ರೂಯಿಟ್‌ಗೆ ಗೊತ್ತಿತ್ತು. ಕೊರಳಲ್ಲಿ ಎದ್ದ ಬೊಬ್ಬೆಗಳನ್ನು ಅಂಗೈಯಿಂದ ಮುಚ್ಚಿಕೊಂಡ.

"ಕೇಳಬೇಡಪ್ಪ," ಎಂದ. "ಅವರಿಬ್ಬರೂ ಹೋಗ್ಲಿ ಬಿಡು."