ದಂಟು ಬಗ್ಗಿದ ಹೂ

"ಅದೊಂದನ್ನ ಮಾತ್ರ ಮುಟ್ಬೇಡ ತಾಯಿ. ಧೂಳು ಹಿಡಿದ್ರೂ ಹಿಡೀಲಿ," ಎಂದಳು ಮನೆಯ ಯಜಮಾನಿ.

ಅವಳ ಗಂಡನನ್ನು ನೋಡಿಕೊಳ್ಳಲು ಅಂದು ಬೆಳಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ನರ್ಸ್ ಕಿಟಕಿಯತ್ತ ತಿರುಗಿದಳು. ಯಜಮಾನಿ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಉಲ್ಲನ್ ಹೂಗಳು ಮನೆ ತುಂಬ ಇದ್ದವು. ಕಪಾಟಿನ ಮೇಲೆ, ಟೀವಿಯ ಪಕ್ಕ, ಬಚ್ಚಲಿನ ಗೂಡಿನಲ್ಲಿ ಕೂಡ. ಹಸಿರು ದಾರ ಸುತ್ತಿದ ತಂತಿಯ ದಂಟುಗಳ ಮೇಲೆ ಎಲ್ಲವೂ ತಲೆಯೆತ್ತಿ ನಿಂತಿದ್ದವು. ರೋಗಿಯ ಕೋಣೆಯ ಕಿಟಕಿಯಲ್ಲಿದ್ದ ಈ ಹೂವಿನ ದಂಟು ಮಾತ್ರ ನಡುವಿಗೆ ಮಡಚಿಕೊಂಡು, ಬಾಟಲಿಯ ಅಂಚಿನಿಂದ ತಲೆಕೆಳಗಾಗಿ ಜೋತುಬಿದ್ದಿತ್ತು. ಕಪ್ಪಿಗೆ ತಿರುಗಿದ ಕೆಂಪು ಹೂ. ದಂಟಿಗೆ ಒಂದೇ ಒಂದು ಎಲೆ.

"ಯಾಕಮ್ಮಾ, ಉಲ್ಲನ್ ಹೂವಿಗೂ ಮಾಟ ಮಾಡ್ಸಿದೀರಾ?" ನರ್ಸ್ ನಕ್ಕಳು.

ಯಜಮಾನಿ ನಗಲಿಲ್ಲ. "ಅವ್ರು ಏನಾದ್ರೂ ಕೇಳಿದ್ರೆ ನನ್ನ ಕರಿ," ಎಂದಷ್ಟೇ ಹೇಳಿ, ಮಂಚಕ್ಕೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದಳು.

ಮಂಚದ ಮೇಲೆ ಮುದುಕ ಮುದ್ದೆಯಾಗಿ ಬಿದ್ದಿದ್ದ. ಹಣೆ ಮೊಣಕಾಲಿಗೆ ತಾಗುವಷ್ಟು ಬೆನ್ನು ಬಾಗಿತ್ತು. ಎಕ್ಸ್‌ರೇಗಳನ್ನು ನರ್ಸ್ ಬೆಳಕಿಗೆ ಹಿಡಿದು ನೋಡಿದಳು. ಮೂಳೆಯಲ್ಲಿ ಯಾವ ದೋಷವೂ ಇರಲಿಲ್ಲ. ಮಾತಿಲ್ಲದ ಆ ಮನುಷ್ಯನ ಕಣ್ಣಿಂದ ಸುಮ್ಮನೆ ನೀರಿಳಿಯುತ್ತಿತ್ತು. ನೋವಿನ ಎಣ್ಣೆ, ಮುಗ್ಗಲು ಹಾಸಿಗೆ, ತುಕ್ಕಿನ ವಾಸನೆ ಕೋಣೆಯಲ್ಲಿ ಕಟ್ಟಿಕೊಂಡಿತ್ತು. ಹೆಂಡತಿಯಾದವಳು ಒಮ್ಮೆಯೂ ಅವನ ಪಕ್ಕ ಕೂರಲಿಲ್ಲ. ಇವಳದ್ದು ಕಲ್ಲು ಮನಸ್ಸು ಅಂದುಕೊಂಡು ನರ್ಸ್ ಒಳಗೊಳಗೇ ಕುದಿದಳು. ದಿನ ಕಳೆದಂತೆ ಮುದುಕನ ಮೇಲಿನ ಮರುಕ ಹೆಚ್ಚಾಯಿತು.

ಒಂದು ಸಂಜೆ ಯಜಮಾನಿ ಉಲ್ಲನ್ ತರಲು ಅಂಗಡಿಗೆ ಹೋಗಿದ್ದಳು. ಕರೆಂಟು ಹೋಯಿತು. ದಪ್ಪ ಪರದೆಯ ಕೋಣೆ ಗವ್ವೆಂದಿತು. ನರ್ಸ್ ಮೇಣದಬತ್ತಿ ಹಚ್ಚಿಕೊಂಡು ಬಂದಾಗ ಮುದುಕನ ಕಣ್ಣು ಆ ಹೂವಿನ ಮೇಲೆ ನೆಟ್ಟಿತ್ತು.

"ನೆಟ್ಟಗೆ ಮಾಡು ಮಗಳೇ."

ಅವಳ ಮೈ ಜುಮ್ಮೆಂದಿತು. ಇಷ್ಟು ದಿನದಲ್ಲಿ ಅವನಾಡಿದ ಮೊದಲ ಮಾತು! ಯಜಮಾನಿಯ ಮಾತು ನೆನಪಾಗದೆ ಇರಲಿಲ್ಲ. ಪಾಪದ ಜೀವ ಒಂದು ಹೂ ನೆಟ್ಟಗಾಗಲಿ ಅಂತ ಆಸೆಪಟ್ಟರೆ ಅದಕ್ಕೂ ಕೊಕ್ಕೆಯೇ ಎಂದು ಗೊಣಗುತ್ತ ಅವಳು ದಂಟನ್ನು ಹಿಡಿದಳು. ತಂತಿ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ನಿಧಾನವಾಗಿ ನೇರ ಮಾಡಿದಳು. ಸುಟ್ಟ ಕೂದಲಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು.

ಬೆನ್ನ ಹಿಂದೆ ಲಟಕ್ ಎಂದಿತು. ಮತ್ತೆ ಲಟಕ್. ಲಟ ಲಟ ಲಟ.

ತಿರುಗಿದಳು. ಮುದುಕ ಎದ್ದು ಕೂತಿದ್ದ.

"ಅಯ್ಯೋ ಯಜಮಾನ್ರೇ, ಕೂತ್ಕೊಂಡ್ರಿ!" ನರ್ಸ್ ಸಂತೋಷಕ್ಕೆ ಕೂಗಿದಳು. ಅವನು ಎದ್ದು ನಿಂತ. ಸೂರಿಗೆ ತಾಗುವಂಥ ಆಳು. ನಕ್ಕ. ಒಂದೇ ಹೆಜ್ಜೆಗೆ ಬಂದು ಅವಳ ಕುತ್ತಿಗೆ ಹಿಡಿದ.

"ಅವಳೆಲ್ಲಿ?"

ಹೂ ಕೈಯಿಂದ ಜಾರಿತು. ಕಾಲು ನೆಲ ಬಿಟ್ಟಿತು. ಉಸಿರಿಲ್ಲ. ಕಣ್ಣಿಗೆ ಕತ್ತಲೆ. ಎಲ್ಲೋ ದೂರದಲ್ಲಿ ಬಾಗಿಲ ಸದ್ದು.

"ಬಂದ್ಯಾ?" ಮುದುಕ ಮೆಲ್ಲಗೆ, ಮುದ್ದಿನಿಂದ ಕೇಳಿದ. "ಇವಳದ್ದು ಮುಗಿಸಿ ನಿನ್ನ ಹತ್ರ ಬರ್ತೀನಿ ಕಣೇ."

ಹೊಸಿಲ ಮೇಲೆ ಯಜಮಾನಿ. ಕೈಚೀಲ ಕೆಳಗೆ ಬಿತ್ತು. ನೆಲದ ಮೇಲೆ ತಡಕಾಡಿ ಹೂ ಎತ್ತಿಕೊಂಡಳು. ಬಗ್ಗಿಸಲು ನೋಡಿದಳು. ಬಗ್ಗಲಿಲ್ಲ. ಮೊಣಕಾಲಿಗೆ ಒತ್ತಿ ನೋಡಿದಳು. ತಂತಿ ಚಿಮ್ಮಿ ಮತ್ತೆ ನೇರವಾಯಿತು.

"ಇನ್ನು ಬಗ್ಗಲ್ಲ ತಾಯಿ," ಎಂದಳು. "ಇವನು ಮಗಳ ಕೈ ಮುರಿದ ದಿನ, ಇವನ ಕೂದಲು ಒಳಗಿಟ್ಟು ಇದನ್ನ ಹೆಣೆದೆ. ಕಟ್ಟಿಹಾಕೋದಕ್ಕೆ ಜೊತೆಗೊಂದು ಜೀವ ಬೇಕಾಗಿತ್ತು. ಆ ಎಲೆ ನಾನೇ."

ನರ್ಸ್ ಬೇಡ ಎಂದು ಕೂಗಲು ನೋಡಿದಳು. ಗಂಟಲಿಂದ ಗೊರಗೊರ ಸದ್ದಷ್ಟೇ ಬಂತು. ಯಜಮಾನಿ ದಂಟಿನ ನಡುವಿಗೆ ಹಲ್ಲು ಹಾಕಿ ಕಚ್ಚಿದಳು. ಬಾಯಿಂದ ರಕ್ತ ಸುರಿಯಿತು. ಎರಡೂ ಕೈಯಿಂದ ತಿರುಚಿದಳು. ಮುದುಕ ಮೊದಲ ಸಲ ಹೆದರಿ ಕಿರುಚಿದ.

ಟಕ್.

ದಂಟು ತುಂಡಾಯಿತು. ಕುತ್ತಿಗೆಯ ಹಿಡಿತ ಬಿಟ್ಟುಹೋಯಿತು. ಗಂಡ ಹೆಂಡತಿ ಇಬ್ಬರೂ ಒಂದೇ ಸಲಕ್ಕೆ ಕುಸಿದರು. ನರ್ಸ್ ತೆವಳಿಕೊಂಡು ಹೋಗಿ ಮೊದಲು ಯಜಮಾನಿಯ ನಾಡಿ ಹಿಡಿದಳು. ಎಷ್ಟು ಹೊತ್ತು ಹಿಡಿದರೂ ಬೆರಳಿಗೆ ಏನೂ ಸಿಗಲಿಲ್ಲ.

ಮರುದಿನ ಮಗಳು ಬಂದಳು. ನಡುಮನೆಯಲ್ಲಿ ತಂದೆ ತಾಯಿಯ ಹೆಣಗಳನ್ನು ಪಕ್ಕಪಕ್ಕದಲ್ಲೇ ಮಲಗಿಸಿದ್ದರು. ಅಮ್ಮನ ಕಡೆ ಓಡಿಬಂದವಳು ಅಪ್ಪನನ್ನು ಕಂಡದ್ದೇ ಗೋಡೆಗೆ ಅಂಟಿಕೊಂಡುಬಿಟ್ಟಳು. ಅವನು ಚಾಪೆಯ ಉದ್ದಕ್ಕೂ ಕೋಲಿನಂತೆ ನೇರವಾಗಿದ್ದ.

ಆಮೇಲೆ ಅಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದಳು:

"ಅಪ್ಪನ್ನ ನೆಟ್ಟಗೆ ಮಾಡಿದ್ದು ಯಾರು?"

ಮೂಲೆಯಲ್ಲಿ ನಿಂತಿದ್ದ ನರ್ಸ್ ಕುತ್ತಿಗೆಯ ಬಾಸುಂಡೆಯ ಮೇಲೆ ಸೆರಗು ಎಳೆದುಕೊಂಡಳು.