ಬಲ ಮುಂಗಾಲಿನ ಸಂಶಯ

ಮಗಳು ಅವನೊಂದಿಗೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹೆತ್ತ ತಾಯಿಯ ಪ್ರಾಣ ಹೋಗುವ ಹೊತ್ತಿಗೆ ಅಪ್ಪನೆಂಬ ಅಪ್ಪ ಎಲ್ಲಿದ್ದ? ಆಗಷ್ಟೇ ವಿಮಾನದಿಂದಿಳಿದ ಆರು ಕುದುರೆಗಳ ಬಾಯಿ ಬಿಡಿಸಿ ಹಲ್ಲು ನೋಡುತ್ತ ನಿಂತಿದ್ದ. ಮಣ್ಣು ಮುಗಿಸಿ ಬಂದ ದಿನವೇ ಅವಳು, "ಇನ್ನು ನಿಮ್ಮದೊಂದಕ್ಷರ ಓದಲ್ಲ" ಎಂದು ಹೇಳಿ, ಸವಾರಿಯ ಬೂಟು ಎತ್ತಿಕೊಂಡು ಹೊರಟಳು. ಅವನು ತಡೆಯಲಿಲ್ಲ. ತಪ್ಪು ತನ್ನದೇ ಎಂದು ಗೊತ್ತಿದ್ದವನು ಯಾವ ಬಾಯಿಂದ ತಡೆದಾನು?

ರೇಸ್ ಬಯಲಿನಲ್ಲಿ ಎಲ್ಲರೂ ಅವನನ್ನು ಜೋಯಿಸ ಎನ್ನುತ್ತಿದ್ದರು. ಹೊರದೇಶಗಳಿಂದ ಬಂದ ಕುದುರೆಗಳ ಯೋಗ್ಯತೆ ಅಳೆದು, ಕ್ಲಬ್ಬಿನ ರೇಸ್ ಪುಸ್ತಕದಲ್ಲಿ ಒಂದೊಂದಕ್ಕೆ ನಾಲ್ಕು ಸಾಲು ಬರೆಯುವುದು ಅವನ ಕೆಲಸ. ಬಾಜಿ ಕಟ್ಟುವ ಜನ ಮೊದಲು ಆ ಪುಟ ತೆರೆಯುತ್ತಿದ್ದರು, ಆಮೇಲೆ ಜೇಬು. ಅವನು ಮಾತ್ರ ಬಾಜಿ ಕಟ್ಟುವಂತಿಲ್ಲ, ಕಟ್ಟಿದರೆ ಜೈಲು. ಮೂವತ್ತು ವರ್ಷದಲ್ಲಿ ಬಿಡಿಗಾಸನ್ನೂ ಕಟ್ಟಿದವನಲ್ಲ, ಒಂದು ಸುಳ್ಳನ್ನೂ ಬರೆದವನಲ್ಲ.

ಹಾಗಿದ್ದವನ ತಲೆ ಕೆಡಿಸಿದ್ದು ಒಂದು ಮಾರಾಟದ ಫಲಕ. ಊರಾಚೆ ನಾಲ್ಕು ಲಾಯಗಳಿದ್ದ ಒಂದು ತುಂಡು ಜಾಗ ಹೆಂಡತಿಯದಾಗಿತ್ತು. ಮಗಳು ಕುದುರೆ ಹತ್ತಿದ್ದು, ಬಿದ್ದದ್ದು, ಮತ್ತೆ ಹತ್ತಿದ್ದು ಅಲ್ಲೇ. ಕಾಲೆಳೆಯುತ್ತಿದ್ದ ಮುದಿ ಕುದುರೆಯನ್ನು ಏಳು ವರ್ಷದ ಅವಳು ಓಡಿಸಲು ಹೋದಾಗ ಅವನು ಲಗಾಮು ಹಿಡಿದು ಹೇಳಿದ್ದ: "ನೋವಿರೋ ಕುದುರೆ ಹತ್ರ ಗೆಲುವು ಕೇಳಬಾರದು ಮಗಳೇ." ಹೆಂಡತಿಯ ಕಾಯಿಲೆ ಆ ಜಾಗವನ್ನು ನುಂಗಿತು, ಆಮೇಲೆ ಅವಳನ್ನೂ ನುಂಗಿತು. ಈಗ ಅದು ಮತ್ತೆ ಮಾರಾಟಕ್ಕೆ ಬಂದಿತ್ತು. ಅದರ ಬೀಗದ ಕೈ ಹಿಡಿದು ಮಗಳ ಬಾಗಿಲು ತಟ್ಟಬೇಕು, ಅಷ್ಟೇ ಅವನ ಆಸೆ. ಬರಿಗೈಯಲ್ಲಿ ಎರಡು ಸಲ ತಟ್ಟಿ ನೋಡಿದ್ದ, ಬಾಗಿಲು ತೆರೆದಿರಲಿಲ್ಲ.

ಅದೇ ವಾರ ಕಂದು ಬಣ್ಣದ ಹೆಣ್ಣುಕುದುರೆಯೊಂದು ಹೊರದೇಶದಿಂದ ಹಡಗಿನಲ್ಲಿ ಬಂದಿಳಿಯಿತು. ಹಿಟ್ಟಿನ ಗಿರಣಿಯ ಮಾಲೀಕನೊಬ್ಬ ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು. ಅಲ್ಲಿನ ಓಟಗಳಲ್ಲಿ ಏಳನೆಯದು, ಐದನೆಯದು, ಒಂಬತ್ತನೆಯದು. ಉಳಿದವರು ಆ ಅಂಕಿ ನೋಡಿ ನಕ್ಕರು. ಜೋಯಿಸ ನಗಲಿಲ್ಲ. ಹಳೆಯ ಓಟಗಳ ವಿಡಿಯೋಗಳನ್ನು ತರಿಸಿ ಒಂದೊಂದನ್ನೂ ಹತ್ತು ಸಲ ನೋಡಿದ. ಅಲ್ಲಿನ ಓಟದ ದಾರಿ ಎಡಕ್ಕೆ ತಿರುಗುತ್ತದೆ, ಇವಳು ಪ್ರತಿ ತಿರುವಿನಲ್ಲೂ ಬಲಕ್ಕೆ ಸರಿದು ದಾರಿ ಉದ್ದ ಮಾಡಿಕೊಂಡಿದ್ದಳು. ಅಲ್ಲಿ ನೆಲ ಕೆಸರು, ಇವಳದು ಚಿಕ್ಕ ಗೊರಸು, ಗಟ್ಟಿ ನೆಲಕ್ಕೆ ಹೇಳಿ ಮಾಡಿಸಿದ್ದು. ಇವಳ ಹಿಂದೆ ಬಂದಿದ್ದ ಎರಡು ಕುದುರೆಗಳು ಆಮೇಲೆ ದೊಡ್ಡ ಪಂದ್ಯಗಳನ್ನೇ ಗೆದ್ದಿದ್ದವು. ಇಲ್ಲಿ ದಾರಿ ಬಲಕ್ಕೆ ತಿರುಗುತ್ತದೆ, ನೆಲ ಕಲ್ಲಿನಂತಿದೆ. ಹೊರದೇಶದ ಕುದುರೆಯ ಅಂಕಿಯನ್ನು ಹಾಗೇ ನಂಬುವುದೆಂದರೆ ಬೇರೆಯವರ ಚಪ್ಪಲಿಯಲ್ಲಿ ತನ್ನ ಕಾಲು ಅಳೆದಂತೆ ಎಂದು ಅವನೇ ಎಷ್ಟೋ ಸಲ ಹೇಳಿದ್ದುಂಟು. ಇವಳು ಗೆಲ್ಲುತ್ತಾಳೆ, ಅದರಲ್ಲಿ ಅನುಮಾನವಿರಲಿಲ್ಲ.

ಸವಾರರ ಪಟ್ಟಿ ಬಂತು. ಹೆಸರುವಾಸಿಗಳು ಯಾರೂ ಒಪ್ಪದೆ ಗಿರಣಿಯವನು ಕೊನೆಗೆ ಜೋಯಿಸನ ಮಗಳನ್ನೇ ಹಿಡಿದಿದ್ದ. ವರ್ಷವಿಡೀ ಸವಾರಿ ಸಿಗದೆ ಒಣಗಿದ್ದ ಹುಡುಗಿ ಅವಳು. ಇದೂ ಕೈಜಾರಿದರೆ ಮುಂದೆ ಕರೆಯುವವರಿಲ್ಲ. ಜೋಯಿಸನ ಎದೆ ತುಂಬಿ ಬಂತು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು. ಗೆಲುವು ಅವಳಿಗೆ, ಲಾಯ ಇಬ್ಬರಿಗೂ.

ನಿಜ ಬರೆದರೆ ಊರಿಗೆ ಊರೇ ಆ ಕುದುರೆಯ ಮೇಲೆ ಬಾಜಿ ಕಟ್ಟುತ್ತದೆ, ದರ ಇಳಿಯುತ್ತದೆ, ತಾನು ಗುಟ್ಟಾಗಿ ಕಟ್ಟಿ ಗೆದ್ದರೂ ಪುಡಿಗಾಸು. ಸುಮ್ಮನಿದ್ದರೆ, ಜೋಯಿಸ ಏನೋ ಮುಚ್ಚಿಟ್ಟಿದ್ದಾನೆಂದು ಮೂಗು ಚೂಪಾದವರು ಕಟ್ಟುತ್ತಾರೆ. ಆದ್ದರಿಂದ ಒಂದೇ ಒಂದು ವಾಕ್ಯ ಬರೆದ: "ಬಲ ಮುಂಗಾಲಿನಲ್ಲಿ ಹಳೆಯ ನೋವಿನ ಸಂಶಯ, ಗಟ್ಟಿ ನೆಲದಲ್ಲಿ ಕೊನೆಯ ಇನ್ನೂರು ಮೀಟರ್ ಕಷ್ಟವಾಗಬಹುದು." ಸಂಶಯ ಎಂಬ ಪದವನ್ನು ಅವನು ಅಕ್ಕಸಾಲಿಗ ಹರಳು ಕೂರಿಸುವಷ್ಟು ಜೋಪಾನವಾಗಿ ಕೂರಿಸಿದ. ರೋಗವೆಂದರೆ ಸುಳ್ಳೆಂದು ಸಾಬೀತು ಮಾಡಬಹುದು, ಸಂಶಯವನ್ನು ಯಾವ ನ್ಯಾಯಾಲಯ ಹಿಡಿದೀತು? ಗಿರಣಿಯವನು ಕೂಗಾಡಿಕೊಂಡು ಬಂದ, ಪಶುವೈದ್ಯರು ಕಾಲು ಸರಿಯಿದೆ ಎಂದು ಬರೆದುಕೊಟ್ಟರು. ಜೋಯಿಸ ಆ ವಾಕ್ಯ ತಿದ್ದಲಿಲ್ಲ. ಜನ ವೈದ್ಯರನ್ನು ಬಿಟ್ಟು ಅವನನ್ನೇ ನಂಬಿದರು. ಬಾಜಿಯ ದರ ಒಂದಕ್ಕೆ ನಲವತ್ತಕ್ಕೇರಿತು.

ಹಣ ಕಟ್ಟುವ ಕೆಲಸ, ಹಿಂದೆ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದು ಈಗ ನಿವೃತ್ತನಾಗಿದ್ದ ಮುದುಕನೊಬ್ಬನಿಗೆ. ಹೊಟ್ಟೆ ಸೀಳಿದರೂ ಗುಟ್ಟು ಬಿಡದ ಮನುಷ್ಯ, ಹತ್ತು ಕಿಟಕಿಗಳಲ್ಲಿ ಹತ್ತು ಸಲ ನಿಂತು ಚೂರುಚೂರಾಗಿ ಕಟ್ಟುತ್ತಾನೆ. ಮಗಳಿಗೆ ಮಾತ್ರ ಏನೂ ತಿಳಿಯಬಾರದು. ತಿಳಿದರೆ ಅವಳೂ ತಪ್ಪಿನಲ್ಲಿ ಪಾಲುದಾರಳಾಗುತ್ತಾಳೆ. ಸವಾರರು ರೇಸ್ ಪುಸ್ತಕ ಓದುತ್ತಾರಲ್ಲ ಎಂಬ ಯೋಚನೆ ಅವನಿಗೂ ಬಂತು. ಆದರೆ ಅವನ ಒಂದಕ್ಷರವನ್ನೂ ಓದುವುದಿಲ್ಲ ಎಂದು ಆಣೆ ಮಾಡಿದ ಮಗಳು, ತಾಯಿಯ ಹಾಗೆ ಆಡಿದ ಮಾತಿಗೆ ತಪ್ಪುವವಳಲ್ಲ. ಮೂರು ವರ್ಷ ಕರುಳು ಕೊರೆದ ಆ ದುಃಖವೂ ಈಗ ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

ಓಟ ಅವನು ಮನಸ್ಸಿನಲ್ಲಿ ಓಡಿಸಿದ್ದಂತೆಯೇ ಓಡಿತು. ತಿರುವಿನಲ್ಲಿ ಕಂದು ಕುದುರೆ ಬೇಲಿಗೆ ಅಂಟಿಕೊಂಡು ಒಳಗಿನಿಂದ ನುಗ್ಗಿ, ನೇರ ದಾರಿಗೆ ಬರುವಾಗ ಮೂರು ಮಾರು ಮುಂದಿತ್ತು. ಜೋಯಿಸನ ಕೈ ಜೇಬಿನಲ್ಲಿ ಇಲ್ಲದ ಬೀಗದ ಕೈಯನ್ನು ಹುಡುಕಿತು. ಇನ್ನೂರು ಮೀಟರಿನ ಕಂಬ ದಾಟಿದ್ದೇ ತಡ, ಮಗಳು ನೆಟ್ಟಗೆ ಕೂತು ಲಗಾಮು ಎಳೆದುಕೊಂಡಳು. ಬಗ್ಗಿ ಕುದುರೆಯ ಬಲಭುಜ ಸವರಿದಳು. ಹಿಂದಿದ್ದ ಕುದುರೆಗಳಲ್ಲಿ ಒಂದು ದಾಟಿತು, ಎರಡು ದಾಟಿದವು. ಬಯಲಿಗೆ ಬಯಲೇ ಮೋಸ, ಮೋಸ ಎಂದು ಕೂಗತೊಡಗಿತು.

ಗೆಲ್ಲುವ ಕುದುರೆಯನ್ನು ಬೇಕೆಂದೇ ತಡೆಹಿಡಿದ ಸವಾರರಿಗೆ ಜೀವಮಾನದ ನಿಷೇಧ, ಜೊತೆಗೆ ಪೊಲೀಸು. ವಿಚಾರಣೆಯ ಕೋಣೆಗೆ ತಜ್ಞನೆಂದು ಜೋಯಿಸನನ್ನೂ ಕರೆಸಿದರು. ಕುದುರೆಯ ಕಾಲು ಕಂಬದಂತಿದೆ, ಎಳ್ಳಷ್ಟೂ ದೋಷವಿಲ್ಲ ಎಂದು ವೈದ್ಯರು ಮತ್ತೊಮ್ಮೆ ಹೇಳಿದರು. ಯಾರು ದುಡ್ಡು ಕೊಟ್ಟರು ಎಂದು ಕ್ಲಬ್ಬಿನ ಅಧ್ಯಕ್ಷರು ಅವಳನ್ನು ಕೇಳಿದರು.

ಅವಳು ಶಿರಸ್ತ್ರಾಣ ತೆಗೆದಳು. ಒಳಗಿನ ಮೆತ್ತೆಯ ಸಂದಿಯಿಂದ ಒಂದೊಂದೇ ಕಾಗದ ಎಳೆದು ಮೇಜಿನ ಮೇಲಿಟ್ಟಳು. ಮೂರು ವರ್ಷದ ರೇಸ್ ಪುಸ್ತಕಗಳಿಂದ ಕತ್ತರಿಸಿದ, ನಾಲ್ಕು ಮಡಿಕೆಯ, ಬೆವರಿಗೆ ಹಳದಿಯಾದ ಚೂರುಗಳು. ಒಂದು ವಾರವೂ ತಪ್ಪಿರಲಿಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಇಂದಿನದು. "ನಮ್ಮಪ್ಪ ಕುದುರೆ ವಿಷಯದಲ್ಲಿ ಸುಳ್ಳು ಬರೆಯೋರಲ್ಲ, ನೀವು ಅವರನ್ನೇ ಕೇಳಿ" ಎಂದಳು. ಆಮೇಲೆ ಅವನ ಕಡೆ ತಿರುಗಿದಳು. "ಕಾಲು ಹೇಗಿದೆ ಅಪ್ಪ? ಪಾಪ, ಜಾಸ್ತಿ ನೋಯ್ತಾ ಇಲ್ಲ ತಾನೆ?" ಮೂರು ವರ್ಷದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.