ಗೇಟಿನ ಆಚೆಯ ಬೆಟ್ಟ

“ನಿಮ್ಮಪ್ಪ ನಿಜವಾಗ್ಲೂ ಹುಲಿ ನೋಡಿದಾರಾ?” ಎಂದು ಪ್ರತಿಭಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಕೇಳಿದಳು.

“ಹುಲಿ ಒಂದೇನಾ? ಕಾಡುಕೋಣ, ಸಿಂಗಳೀಕ, ಕಡವೆ, ಎಲ್ಲಾ ನೋಡಿದಾರೆ,” ಎಂದಳು ಗಂಗಾ.

ಟೆಂಪೋ ಟ್ರಾವೆಲರ್ ಹಾಸನ ದಾಟಿ ಬೇಲೂರಿನ ಕಡೆ ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದವನೇ ಗಂಗಾಳ ಅಪ್ಪ ಅಂಬಣ್ಣ. ಗಾಡಿ ತುಂಬ ಬೆಂಗಳೂರಿನ ಇಂದಿರಾನಗರದ ಒಂದು ಆಫೀಸಿನವರು. ಅವರಿಗೆಲ್ಲ ಹಿರಿಯರು ಗುರುಶಾಂತಪ್ಪ ಸರ್. ಅವರ ಜೊತೆ ಅವರ ಹೆಂಡತಿ ಜಯದೇವಿ, ಮಗಳು ಪ್ರತಿಭಾ. ವರ್ಷಕ್ಕೊಂದು ಸಲ ಅವರೆಲ್ಲ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಬೆಟ್ಟ ಹತ್ತಲು ಹೋಗುತ್ತಿದ್ದರು. ಪ್ರತಿ ಸಲವೂ ಅಂಬಣ್ಣನೇ ಡ್ರೈವರ್ ಆಗಬೇಕು.

ಅದು ಕ್ರಿಸ್‌ಮಸ್ ರಜೆ. ಗಂಗಾಳ ಅಮ್ಮ ಜಟ್ಟೆಮ್ಮ ತನ್ನ ತಂಗಿಯ ಬಾಣಂತನಕ್ಕೆಂದು ಸುರಪುರಕ್ಕೆ ಹೋಗಿದ್ದಳು. ರಾಮಮೂರ್ತಿ ನಗರದ ಬಾಡಿಗೆ ರೂಮಿನಲ್ಲಿ ಮಗಳೊಬ್ಬಳನ್ನೇ ಬಿಟ್ಟು ಬರುವ ಹಾಗಿರಲಿಲ್ಲ. ಅಂಬಣ್ಣ ಹಿಂದೆ ಮುಂದೆ ನೋಡುತ್ತಲೇ ಗುರುಶಾಂತಪ್ಪ ಸರ್ ಅವರನ್ನು ಕೇಳಿದ್ದ. ಪ್ರತಿಭಾಗೂ ಜೊತೆಯಾಗುತ್ತದೆ, ಕರೆದುಕೊಂಡು ಬಾ ಎಂದು ಅವರು ತಕ್ಷಣ ಒಪ್ಪಿದ್ದರು.

ಅಂದಿನಿಂದ ಗಂಗಾಳ ಕಾಲು ನೆಲದ ಮೇಲಿರಲಿಲ್ಲ. ಅಪ್ಪನ ಕಾಡನ್ನು ಅವಳು ಕಡೆಗೂ ನೋಡುವವಳಿದ್ದಳು.

ಕಾಡಿಗೆ ಟ್ರಿಪ್ ಹೋಗಿ ಬಂದ ಸಂಜೆ ಅಪ್ಪ ಕೈಕಾಲು ತೊಳೆದು ಹೊಸ್ತಿಲ ಮೇಲೆ ಕೂತರೆ, ವಠಾರದ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು. ಪಕ್ಕದ ಮನೆಯ ಸಾಲೇಹಾ ಊಟದ ತಟ್ಟೆಯನ್ನೇ ಹಿಡಿದು ಬರುತ್ತಿದ್ದಳು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದ ಹುಲಿ, ಹಳ್ಳದ ಆಚೆ ದಡದಲ್ಲಿ ನಿಂತು ದುರುಗುಟ್ಟಿದ ಕಾಡುಕೋಣ, ಅಪ್ಪ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. “ಆ ಕೋಣ ಬಿಳಿ ಸಾಕ್ಸ್ ಹಾಕ್ಕೊಂಡು ಸಾಲಿಗಿ ಹೊಂಟಂಗ ಕಾಣತಿತ್ತು ನೋಡ್ರಿ,” ಎನ್ನುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಈಗ ಗಂಗಾ ಆ ಹುಲಿಯ ಕತೆಯನ್ನು ಪ್ರತಿಭಾಳಿಗೆ ಬಾಲದಿಂದ ಮೀಸೆಯವರೆಗೆ ಹೇಳಿದಳು. ಗಾಡಿಯಲ್ಲಿದ್ದ ದೊಡ್ಡವರೂ ಕಿವಿಗೊಟ್ಟರು. ಅಂಬಣ್ಣ ಮಾತ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಆತು ಬಿಡವ್ವ, ಸ್ವಲ್ಪ ಮಕ್ಕೋ,” ಎಂದ. ಎಲ್ಲರೆದುರು ಹೊಗಳಿದ್ದಕ್ಕೆ ಅಪ್ಪನಿಗೆ ನಾಚಿಕೆಯಾಯಿತು ಎಂದುಕೊಂಡಳು ಗಂಗಾ.

ಮರುದಿನ ಬೆಳಿಗ್ಗೆ ಗಾಡಿ ಅರಣ್ಯ ಇಲಾಖೆಯ ಗೇಟಿನ ಮುಂದೆ ನಿಂತಿತು. ಅಲ್ಲಿಂದ ಮುಂದೆ ನಡೆದೇ ಹೋಗಬೇಕು. ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಗೈಡ್ ಡೀಕಯ್ಯ ಕೈಯಲ್ಲೊಂದು ಕೋಲು ಹಿಡಿದು ಕಾಯುತ್ತಿದ್ದರು. ಈ ದಿನ ಮಕ್ಕಳಿಗೂ ಆಗುವಂತೆ ಅರ್ಧ ಬೆಟ್ಟದ ದಿಬ್ಬದವರೆಗೆ ಹೋಗೋಣ, ನಾಳೆ ದೊಡ್ಡವರು ಮಾತ್ರ ತುದಿಗೆ ಹೋಗಲಿ ಎಂದು ಅವರು ಹೇಳಿದರು.

ಗಂಗಾ ಶೂ ಲೇಸ್ ಬಿಗಿದು ತಿರುಗಿ ನೋಡಿದಳು. ಅಪ್ಪ ಬಕೆಟ್ ಹಿಡಿದು ಗಾಡಿಯ ಗಾಜು ಒರೆಸುತ್ತಿದ್ದ.

“ಅಪ್ಪಾ, ನೀ ಬರಂಗಿಲ್ಲೇನು?”

“ನೀ ಹೋಗಿ ಬಾರವ್ವ. ಗಾಡಿ ಬಿಟ್ಟು ಬರಾಕ ಆಗಂಗಿಲ್ಲ. ಮುನಿರಾಜಪ್ಪನೋರು ಬೈತಾರ.”

ಮುನಿರಾಜಪ್ಪ ಗಾಡಿಯ ಮಾಲೀಕರು. ಗಂಗಾಳಿಗೆ ನಿರಾಸೆಯಾಯಿತು. ಹುಲಿ ಮಲಗಿದ್ದ ಬಂಡೆಯನ್ನು ಯಾರು ತೋರಿಸುತ್ತಾರೆ?

ಆ ಬಂಡೆಯ ಬಗ್ಗೆ ಪ್ರತಿಭಾ ದಾರಿಯಲ್ಲಿ ಡೀಕಯ್ಯನವರನ್ನೇ ಕೇಳಿಬಿಟ್ಟಳು. ಗಂಗಾಳ ಅಪ್ಪ ಹುಲಿ ನೋಡಿದ್ದು ಯಾವ ಬಂಡೆ ಮೇಲೆ ಅಂತ.

“ಯಾರು, ಅಂಬಣ್ಣನಾ?” ಡೀಕಯ್ಯ ನಡೆಯುತ್ತಲೇ ಹೇಳಿದರು. “ಅವರು ಈ ಗೇಟು ದಾಟಿದ್ದು ನಾನು ಒಂದು ದಿನವೂ ಕಾಣಲಿಲ್ಲ ಮಗಾ. ಡ್ರೈವರ್ ಅಂದ್ರೆ ಗಾಡಿ ಹತ್ರವೇ ಇರುವುದು. ನಾವು ಇಳಿದು ಬರುವವರೆಗೆ ಅಲ್ಲೇ ಕೂತಿರ್ತಾರೆ, ಪಾಪ.”

“ಹಾಗಾದ್ರೆ ಗಂಗಾ ಹೇಳಿದ್ದು ಸುಳ್ಳಾ?” ಎಂದಳು ಪ್ರತಿಭಾ. ಅವಳಿಗೆ ಕೆಣಕುವ ಉದ್ದೇಶವಿರಲಿಲ್ಲ. ಆದರೂ ಆ ಮಾತು ಮುಳ್ಳಿನಂತೆ ಚುಚ್ಚಿತು.

ಗಂಗಾಳ ಕಿವಿ ಬಿಸಿಯಾದವು. ಸಾಲಿನ ಕೊನೆಗೆ ಹೋಗಿ ನಡೆಯತೊಡಗಿದಳು. ವಠಾರದ ಮಕ್ಕಳೆಲ್ಲರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು. ಅಪ್ಪ ಯಾಕೆ ಹೀಗೆ ಮಾಡಿದ? ಇಳಿದ ಮೇಲೆ ಕೇಳಿಯೇ ತೀರುತ್ತೇನೆ ಎಂದುಕೊಂಡಳು. ದಾರಿ ಏರುತ್ತ ಹೋದಂತೆ ಸಿಟ್ಟೂ ಏರುತ್ತ ಹೋಯಿತು.

ಮರಗಳ ನೆರಳು ಮುಗಿದು ಹುಲ್ಲಿನ ಬೆಟ್ಟ ಬಂತು. ಗಂಗಾ ತಲೆ ಎತ್ತಿ ನೋಡಿ ನಿಂತುಬಿಟ್ಟಳು. ಎಲ್ಲಿ ನೋಡಿದರೂ ಬೆಟ್ಟ, ಅದರ ಹಿಂದೆ ಇನ್ನೊಂದು ಬೆಟ್ಟ. ಮೈತುಂಬ ಒಣಗಿದ ಹೊಂಬಣ್ಣದ ಹುಲ್ಲು. ಎರಡು ಬೆಟ್ಟ ಸೇರುವ ಸಂದಿನಲ್ಲಿ ಮಾತ್ರ ಕಪ್ಪಗೆ ದಟ್ಟ ಕಾಡು. ನೀರಿರುವ ಕಡೆ ಮರಗಳು ಒಟ್ಟಾಗಿ ಕೂತಿರುತ್ತವೆ, ಅದಕ್ಕೆ ಶೋಲಾ ಕಾಡು ಅನ್ನುತ್ತಾರೆ ಎಂದು ಡೀಕಯ್ಯ ಹೇಳಿದರು. ಗಾಳಿ ಬೀಸಿದಾಗ ಇಡೀ ಬೆಟ್ಟವೇ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು.

ಒಂದು ಶೋಲಾದ ಅಂಚಿನಲ್ಲಿ ಕೊಂಬೆಗಳು ಅಲುಗಾಡಿದವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಸಿಂಗಳೀಕಗಳ ಗುಂಪು! ಒಂದು ತಾಯಿ ಮರಿಯನ್ನು ಎದೆಗವಚಿಕೊಂಡು ಇವರನ್ನೇ ನೋಡಿ, ಅವಸರವಿಲ್ಲದೆ ಎಲೆಗಳ ಹಿಂದೆ ಸರಿಯಿತು. ಗಂಗಾ ಸಿಟ್ಟು ಮರೆತು ಅದು ಹೋದ ಕಡೆಯೇ ನೋಡುತ್ತ ನಿಂತಳು.

ದಿಬ್ಬ ಹತ್ತಿರವಾದಾಗ ಡೀಕಯ್ಯ ಥಟ್ಟನೆ ಕೈ ಅಡ್ಡ ಹಿಡಿದರು. ಎಲ್ಲರೂ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಎದುರಿನ ಇಳಿಜಾರಿನಲ್ಲಿ ಒಂದು ದೊಡ್ಡ ಕಪ್ಪು ಬಂಡೆ ನಿಧಾನವಾಗಿ ತಲೆ ಎತ್ತಿತು.

“ಕಾಟಿ,” ಎಂದು ಡೀಕಯ್ಯ ಪಿಸುಗುಟ್ಟಿದರು. ಕಾಡುಕೋಣಕ್ಕೆ ಆ ಕಡೆಯವರ ಹೆಸರು ಅದು.

ಅದು ಹುಲ್ಲಿನಿಂದ ಆಚೆ ಹೆಜ್ಜೆ ಇಟ್ಟಿತು. ಮೈಯೆಲ್ಲ ಕಪ್ಪು, ಮೊಣಕಾಲಿನ ಕೆಳಗೆ ಮಾತ್ರ ಅಚ್ಚ ಬಿಳಿ. ಗಂಗಾಳಿಗೆ ಅಪ್ಪನ ಮಾತು ನೆನಪಾಯಿತು. ಬಿಳಿ ಸಾಕ್ಸ್!

ಕಾಟಿ ಮರೆಯಾದ ಮೇಲೆ ಗುರುಶಾಂತಪ್ಪ ಸರ್ ನಗುತ್ತ, ಹೋದ ವರ್ಷ ಇದನ್ನು ನೋಡಿದಾಗಲೇ ಸಾಕ್ಸ್ ಹಾಕಿಕೊಂಡ ಸ್ಕೂಲ್ ಹುಡುಗನ ಹಾಗಿದೆ ಅಂದಿದ್ದೆ, ವಾಪಸ್ ಹೋಗುವಾಗ ಗಾಡಿಯಲ್ಲೆಲ್ಲ ಅದೇ ಮಾತು ಎಂದು ನೆನಪಿಸಿಕೊಂಡರು.

ಗಂಗಾ ಅವರ ಮುಖವನ್ನೇ ನೋಡಿದಳು. ಗಾಡಿಯಲ್ಲೆಲ್ಲ ಅದೇ ಮಾತು. ಹಿಂದೆ ಕೂತವರು ನೋಡಿದ್ದನ್ನು ಹೇಳಿಕೊಂಡು ನಗುತ್ತಿದ್ದಾಗ, ಅಪ್ಪ ಮುಂದೆ ಕೂತು ಗೇರ್ ಬದಲಿಸುತ್ತ ಕೇಳಿಸಿಕೊಂಡಿದ್ದ. ಒಂದು ಮಾತೂ ಚೆಲ್ಲದಂತೆ ಅಷ್ಟು ದೂರ ಹೊತ್ತು, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ದಾಟಿಸಿ, ಹೊಸ್ತಿಲವರೆಗೆ ತಂದಿದ್ದ. ಅವಳಿಗಾಗಿ.

ಅಲ್ಲಿಂದ ಮುಂದೆ ಗಂಗಾ ಎಲ್ಲವನ್ನೂ ಎರಡೆರಡು ಸಲ ನೋಡಿದಳು.

ಇಳಿದು ಬಂದಾಗ ಅಂಬಣ್ಣ ಗೇಟಿನ ಹತ್ತಿರವೇ ನಿಂತಿದ್ದ. ಮಗಳ ಬಾಟಲಿಗೆ ನೀರು ತುಂಬಿಸಿಕೊಟ್ಟು, “ಏನೇನು ನೋಡ್ದಿ?” ಎಂದು ಕೇಳಿದ. ಆ ಮುಖ ನೋಡಿದ ಮೇಲೆ, ಕೇಳಬೇಕೆಂದುಕೊಂಡ ಮಾತು ಗಂಗಾಳ ಬಾಯಿಗೆ ಬರಲಿಲ್ಲ. ಅವಳು ಸಿಂಗಳೀಕದಿಂದ ಶುರು ಮಾಡಿದಳು. ಅಪ್ಪ ನಡುನಡುವೆ ಕೇಳುತ್ತಲೇ ಇದ್ದ. ಮರಿ ಎಷ್ಟು ದೊಡ್ಡದಿತ್ತು? ಅದು ನಿನ್ನ ಕಡೆ ನೋಡಿತೇ? ಕೋಣ ಉಸಿರು ಬಿಡುವುದು ಕೇಳಿಸಿತೇ? ಇಷ್ಟು ವರ್ಷ ಯಾರನ್ನೂ ಕೇಳಲಾಗದ್ದನ್ನೆಲ್ಲ ಒಮ್ಮೆಲೇ ಕೇಳುತ್ತಿರುವಂತಿತ್ತು. ಡ್ರೈವರ್ ಆದವನು ಹಿಂದೆ ತಿರುಗಿ ಪ್ಯಾಸೆಂಜರ್‌ಗಳ ಮಾತಿಗೆ ಬಾಯಿ ಹಾಕುವುದುಂಟೇ?

ಕೊನೆಗೆ ಅಂಬಣ್ಣ ತಲೆ ತಗ್ಗಿಸಿ ಹೇಳಿದ, “ನಾ ಒಮ್ಮೆನೂ ಒಳಗ ಹೋಗಿಲ್ಲವ್ವ.”

“ಗೊತ್ತಾತು ಬಿಡಪ್ಪ,” ಎಂದಳು ಗಂಗಾ. ಅವನ ತೋಳಿಗೆ ಒರಗಿ ಕೂತಳು.

ಮಾರನೆಯ ಬೆಳಿಗ್ಗೆ ಜಯದೇವಿಯವರ ಮಂಡಿ ಊದಿಕೊಂಡಿತ್ತು. ತಾವು ಮಕ್ಕಳ ಜೊತೆ ಗೇಟಿನ ಹತ್ತಿರವೇ ಇರುವುದಾಗಿ ಅವರು ಹೇಳಿದರು. ತುದಿಗೆ ಹೋಗಲು ಅನುಮತಿ ತೆಗೆದುಕೊಂಡವರಲ್ಲಿ ಒಬ್ಬರು ಕಡಿಮೆಯಾದರು ಎಂದು ಡೀಕಯ್ಯ ಗೇಟಿನ ಗಾರ್ಡಿಗೆ ಹೇಳುತ್ತಿದ್ದುದು ಗಂಗಾಳ ಕಿವಿಗೆ ಬಿತ್ತು.

ಅವಳಿಗೊಂದು ಯೋಚನೆ ಹೊಳೆಯಿತು. ದೊಡ್ಡವರ ಮುಂದೆ ಹೀಗೆಲ್ಲ ಕೇಳಬಾರದು ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಆದರೂ ಜಯದೇವಿಯವರ ಹತ್ತಿರ ಹೋಗಿ ನಿಂತಳು.

“ಆಂಟಿ, ನಿಮ್ಮ ಬದಲು ನಮ್ಮಪ್ಪ ಹೋಗಬಹುದಾ? ಅವರು ಒಂದ್ಸಲಾನೂ ಒಳಗೆ ಹೋಗಿಲ್ಲ.”

ಎಲ್ಲರೂ ಅಂಬಣ್ಣನ ಕಡೆ ತಿರುಗಿದರು. ಗುರುಶಾಂತಪ್ಪ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟು ವರ್ಷದಿಂದ ಬರ್ತಿದೀವಿ. ನಮಗೆ ಒಂದ್ಸಲಾನೂ ಹೊಳೀಲಿಲ್ವಲ್ಲ,” ಎಂದು ಮೆಲ್ಲಗೆ ಹೇಳಿದರು.

ಅಂಬಣ್ಣ ಬೇಡವೇ ಬೇಡ ಎಂದ. ಗಾಡಿಗೆ ಏನಾದರೂ ಆದರೆ ಮುನಿರಾಜಪ್ಪನವರಿಗೆ ಏನು ಹೇಳಲಿ ಎಂದ. ಜಯದೇವಿ ಭಾಲ್ಕಿಯ ಕಡೆಯವರು. ಬೆಂಗಳೂರಿನ ಮಾತು ಬಿಟ್ಟು ತಮ್ಮೂರಿನ ಮಾತಿಗೇ ಇಳಿದರು.

“ನಾ ಗಾಡಿ ಒಳಗೇ ಕುಂದರ್ತೀನಿ. ನಿಮ್ಮ ಮಗಳು ನನ್ನ ಕೂಡ ಇರ್ತಾಳ. ಗಾಡಿ ಎಲ್ಲಿಗೂ ಹೋಗಂಗಿಲ್ಲ. ನೀವು ಹೋಗ್ರಿ ಅಂಬಣ್ಣ.”

ಗಾರ್ಡ್ ತಲೆ ಆಡಿಸಿ ಒಪ್ಪಿಗೆ ಕೊಟ್ಟ. ಚಪ್ಪಲಿಯಲ್ಲೇ ಹತ್ತುವುದು ಹೇಗೆ ಎಂದು ಅಂಬಣ್ಣ ಕೊನೆಯ ನೆಪ ತೆಗೆದಾಗ, ಗುರುಶಾಂತಪ್ಪ ಸರ್ ಬ್ಯಾಗಿನಿಂದ ತಮ್ಮ ಇನ್ನೊಂದು ಜೊತೆ ಶೂ ತೆಗೆದು ಅವನ ಕಾಲಬುಡದಲ್ಲಿಟ್ಟರು. ಅಂಬಣ್ಣ ಗಾಡಿಯ ಕೀಲಿಯನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ತಿರುವಿನವರೆಗೂ ಅವನು ತಿರುಗಿ ತಿರುಗಿ ನೋಡುತ್ತಿದ್ದ. ಗಾಡಿಯನ್ನೋ ಮಗಳನ್ನೋ ತಿಳಿಯಲಿಲ್ಲ.

ಆ ದಿನ ಗಂಗಾಳಿಗೆ ಕಾಯುವುದು ಎಂದರೇನು ಎಂದು ತಿಳಿಯಿತು. ಅಪ್ಪನ ಸೀಟಿನಲ್ಲಿ ಕೂತು ನೋಡಿದಳು. ಮುಂದೆ ಗೇಟು, ಗೇಟಿನ ಆಚೆ ಒಂದು ತಿರುವು, ಅಷ್ಟೇ. ಪ್ರತಿಭಾಳ ಜೊತೆ ಕಲ್ಲಾಟ ಆಡಿದ್ದಾಯಿತು, ಜಯದೇವಿ ಆಂಟಿ ಕೊಟ್ಟ ಚಪಾತಿ ಶೇಂಗಾ ಚಟ್ನಿ ತಿಂದದ್ದಾಯಿತು. ಬಿಸಿಲು ಗಾಡಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಎಷ್ಟು ಹೊತ್ತು ತೆಗೆದುಕೊಂಡಿತು!

“ನಿನ್ನೆ ನಾನು ಸುಳ್ಳು ಅಂದೆ. ಬೇಜಾರಾಯ್ತಾ?” ಎಂದು ಪ್ರತಿಭಾ ಕೇಳಿದಳು.

“ಆಯ್ತು. ಈಗಿಲ್ಲ,” ಎಂದಳು ಗಂಗಾ. ಇಬ್ಬರೂ ಮತ್ತೆ ತಿರುವಿನ ಕಡೆ ನೋಡುತ್ತ ಕೂತರು.

ಸಂಜೆಯ ಬಿಸಿಲು ಬೆಟ್ಟದ ನೆತ್ತಿಗೆ ಏರಿದಾಗ ಅವರೆಲ್ಲ ಬಂದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಗಾಳಿ ಜೋರಾಗಿತ್ತು, ದೂರದಲ್ಲಿ ಸಮುದ್ರದಂಥದ್ದು ಹೊಳೆಯುತ್ತಿತ್ತು, ಕಡವೆಯೊಂದು ತೀರ ಹತ್ತಿರ ಹಾದುಹೋಯಿತು. ಎಲ್ಲರಿಗಿಂತ ಹಿಂದೆ ಅಂಬಣ್ಣ ಬಂದ. ಪ್ಯಾಂಟಿನ ತುಂಬ ಹುಲ್ಲಿನ ಬೀಜ ಅಂಟಿತ್ತು.

ಅವನು ನೇರವಾಗಿ ಜಯದೇವಿಯವರ ಹತ್ತಿರ ಹೋಗಿ ಎರಡೂ ಕೈ ಮುಗಿದ. ಅವರು ಅದೆಲ್ಲ ಬೇಡ ಎಂದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತ.

ಗಂಗಾ ಓಡಿಬಂದು ಪಕ್ಕದಲ್ಲಿ ಕೂತಳು. “ಅಪ್ಪಾ, ಏನ್ ನೋಡ್ದಿ? ಹೇಳು.”

ಅಂಬಣ್ಣ ಬಾಯಿ ತೆರೆದ. ವಠಾರದ ಮಕ್ಕಳನ್ನೆಲ್ಲ ನಗಿಸುತ್ತಿದ್ದ ಅಪ್ಪ ಮಾತಿಗಾಗಿ ಹುಡುಕಿದ. ಬೆಟ್ಟದ ಕಡೆ ಕೈ ಎತ್ತಿ, ಅರ್ಧಕ್ಕೇ ಇಳಿಸಿದ.

“ಹೆಂಗ ಹೇಳ್ಲವ್ವ,” ಎಂದ. ಅವನ ಕಣ್ಣು ತುಂಬಿದ್ದವು.

ಗಂಗಾ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗಿತ್ತಳು. ಅವನು ಕುಡಿಯುವವರೆಗೂ ಕಾದು, ಅವನ ಪ್ಯಾಂಟಿಗೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅಪ್ಪ ಬೆಟ್ಟವನ್ನು ನೋಡುತ್ತಲೇ ಇದ್ದ. ಅವಳಿಗೂ ಅವಸರವಿರಲಿಲ್ಲ.